ಫಲಕ ಗೋಡೆಯನ್ನು ಹಿಡಿದು ನಿಲ್ಲಿಸುವುದಿಲ್ಲ: ನ್ಯೂ ಆರ್ಲಿಯನ್ಸ್ ತನ್ನ ಜಾಝ್ ಉಳಿಸಿಕೊಳ್ಳುತ್ತಿರುವ ಬಗೆ

2021ರ ಆಗಸ್ಟ್ 29ರಂದು ಇಡಾ ಚಂಡಮಾರುತ ಅಮೆರಿಕದ ಲೂಸಿಯಾನ ರಾಜ್ಯಕ್ಕೆ ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್‌ನ ಸೌತ್ ರಾಂಪಾರ್ಟ್ ಬೀದಿಯಲ್ಲಿ ಒಂದು ಹಳೆಯ ಇಟ್ಟಿಗೆ ಕಟ್ಟಡ ಕುಸಿದು ಬಿತ್ತು. ಲಿಥುವೇನಿಯಾದಿಂದ ವಲಸೆ ಬಂದಿದ್ದ ಕಾರ್ನೋಫ್ಸ್ಕಿ ಎಂಬ ಯಹೂದಿ ಕುಟುಂಬದ ಟೈಲರ್ ಅಂಗಡಿ ಮತ್ತು ಮನೆ ಅದು. ಆ ಕುಟುಂಬದ ಗುಜರಿ ಗಾಡಿಯಲ್ಲಿ ಕೂತು ತಗಡಿನ ಕೊಂಬು ಊದುತ್ತಾ ಗಿರಾಕಿಗಳನ್ನು ಕರೆಯುತ್ತಿದ್ದ ಬಡ ಹುಡುಗನೇ ಮುಂದೆ ಜಾಝ್ ಕಹಳೆವಾದಕನಾಗಿ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್. ಕಾರ್ನೆಟ್ ಎಂಬ ಪುಟ್ಟ ಕಹಳೆ ಕೊಳ್ಳಲು ಮುಂಗಡ ಹಣ ಕೊಟ್ಟವರು ಇವರೇ ಎಂದು ಆತ ಮುಂದೆ ಬರೆದುಕೊಂಡ. ಅದೇ ಬ್ಲಾಕಿನಲ್ಲಿ ಮೊದಲ ತಲೆಮಾರಿನ ವಾದಕರು ಸೇರುತ್ತಿದ್ದ ಈಗಲ್ ಸಲೂನ್ ಎಂಬ ಮದ್ಯದಂಗಡಿಯ ಕಟ್ಟಡ ಇದೆ, ಕಪ್ಪು ಜನರ ನಾಟಕ ಮತ್ತು ಸಂಗೀತಕ್ಕೆ ವೇದಿಕೆಯಾಗಿದ್ದ ಇರೊಕ್ವಾ ಥಿಯೇಟರ್ ಇದೆ. ಇಷ್ಟು ಚಿಕ್ಕ ಜಾಗದಲ್ಲಿ ಜಾಝ್‌ನ ಬಾಲ್ಯ ಇಷ್ಟು ದಟ್ಟವಾಗಿ ಉಳಿದ ಇನ್ನೊಂದು ಸಾಲು ಆ ನಗರದಲ್ಲಿ ಸಿಗುವುದು ಕಷ್ಟ. ದಶಕಗಳಿಂದ ಆ ಸಾಲನ್ನು ಸುತ್ತುವರಿದಿರುವುದು ಪಾರ್ಕಿಂಗ್ ಜಾಗಗಳು.

ಕುಸಿದ ಕಟ್ಟಡ ಚಾರಿತ್ರಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿತ್ತು. ಹಾಗಾದರೆ ಬಿದ್ದದ್ದು ಹೇಗೆ ಎಂದು ಕೇಳುವವರಿಗೆ ಆ ಪಟ್ಟಿಯ ಮಿತಿ ಗೊತ್ತಿರುವುದಿಲ್ಲ. ಒಕ್ಕೂಟ ಸರ್ಕಾರದ ಹಣವೋ ಅನುಮತಿಯೋ ಬೆರೆತ ಯೋಜನೆ ಬಂದಾಗ ಮಾತ್ರ ಪಟ್ಟಿಯ ಹೆಸರಿನಲ್ಲಿ ಪರಿಶೀಲನೆ ನಡೆಯುತ್ತದೆ. ಖಾಸಗಿ ಒಡೆಯ ತನ್ನ ದುಡ್ಡಿನಲ್ಲಿ ಕೆಡವಲು ಹೊರಟರೆ ಪಟ್ಟಿ ಅಡ್ಡ ಬರುವುದಿಲ್ಲ, ರಿಪೇರಿ ಮಾಡದೆ ಬಿಟ್ಟರೆ ಕೇಳುವುದೂ ಇಲ್ಲ. ಕಟ್ಟಡ ಕೆಡವುವುದನ್ನು ತಡೆಯುವ, ನಿರ್ಲಕ್ಷ್ಯಕ್ಕೆ ದಂಡ ಹಾಕುವ ಅಧಿಕಾರ ಇರುವುದು ನಗರದ ಚಾರಿತ್ರಿಕ ಪ್ರದೇಶಗಳ ಆಯೋಗಕ್ಕೆ. ಅದು ನೋಟಿಸ್ ಕೊಟ್ಟು, ವಿಚಾರಣೆ ನಡೆಸಿ, ದಂಡ ಹಾಕಿ, ವಸೂಲಿಗೆ ಕೂರುವ ಹೊತ್ತಿಗೆ ಎರಡು ಮಳೆಗಾಲ ಕಳೆದಿರುತ್ತವೆ.

ನ್ಯೂ ಆರ್ಲಿಯನ್ಸ್ ಜಾಝ್ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುವ ನಗರ. ಜಾಝ್ ಹುಟ್ಟಿದ ಜಾಗಗಳನ್ನು ಅತಿ ಹೆಚ್ಚು ಕೆಡವಿದ್ದೂ ಅದೇ. 1897ರಿಂದ 1917ರವರೆಗೆ ಕಾನೂನಿನ ಒಪ್ಪಿಗೆಯಿಂದ ನಡೆದ ಸ್ಟೋರಿವಿಲ್ ಎಂಬ ವೇಶ್ಯಾವಾಟಿಕೆಯಲ್ಲಿ ಜೆಲ್ಲಿ ರೋಲ್ ಮಾರ್ಟನ್ ಪಿಯಾನೊ ನುಡಿಸಿದ್ದ. 1940ರ ದಶಕದ ಆರಂಭದಲ್ಲಿ ಅಲ್ಲಿ ಇಬರ್ವಿಲ್ ವಸತಿ ಯೋಜನೆ ಎದ್ದಿತು, ಹಳೆಯ ಕಟ್ಟಡಗಳಲ್ಲಿ ಬೆರಳೆಣಿಕೆಯಷ್ಟೇ ಉಳಿದವು. ಆರ್ಮ್‌ಸ್ಟ್ರಾಂಗ್ ಹುಟ್ಟಿದ ಜೇನ್ ಆಲಿಯ ಮನೆಯನ್ನು ಕೋರ್ಟು ಮತ್ತು ಪೊಲೀಸ್ ಕಟ್ಟಡಗಳಿಗೆ ಜಾಗ ಮಾಡಲು 1964ರಲ್ಲಿ ಕೆಡವಿದರು. ಆಗ ಆತ ಬದುಕಿದ್ದ, ಜಗತ್ತಿನ ಅತಿ ಪರಿಚಿತ ಸಂಗೀತಗಾರರಲ್ಲಿ ಒಬ್ಬನಾಗಿದ್ದ. ಬಿಳಿಯರೂ ಕಪ್ಪು ಜನರೂ ಒಂದೇ ವೇದಿಕೆಯಲ್ಲಿ ನುಡಿಸಬಾರದು ಎಂಬ 1956ರ ರಾಜ್ಯ ಕಾನೂನಿನಿಂದಾಗಿ ಹುಟ್ಟೂರಿನಲ್ಲಿ ನುಡಿಸುವುದನ್ನೇ ಬಿಟ್ಟಿದ್ದ. ಹಿಂದಿರುಗಿ ನುಡಿಸಿದ್ದು 1965ರಲ್ಲಿ.

ಅದೇ ದಶಕದಲ್ಲಿ ಟ್ರೆಮೆ ಎಂಬ ಕಪ್ಪು ಜನರ ಹಳೆಯ ಕೇರಿಯ ಹಲವು ಬ್ಲಾಕುಗಳನ್ನು ಸಾಂಸ್ಕೃತಿಕ ಕೇಂದ್ರಕ್ಕೆಂದು ನೆಲಸಮ ಮಾಡಿದರು. ಹೇಳಿದಷ್ಟು ಕೇಂದ್ರ ಏಳಲಿಲ್ಲ. ಖಾಲಿ ಬಿದ್ದಿದ್ದ ನೆಲದಲ್ಲಿ 1980ರಲ್ಲಿ ತೆರೆದದ್ದು ಲೂಯಿ ಆರ್ಮ್‌ಸ್ಟ್ರಾಂಗ್ ಪಾರ್ಕ್. ಅದರ ಪಕ್ಕದ ಕ್ಲೇಬೋರ್ನ್ ಅವೆನ್ಯೂ ಕಪ್ಪು ಜನರ ಅಂಗಡಿ ಸಾಲಿನ ರಸ್ತೆಯಾಗಿತ್ತು. ನಡುವೆ ಓಕ್ ಮರಗಳ ನೆರಳು, ಆ ನೆರಳಿನಡಿ ಹಬ್ಬದ ಮೆರವಣಿಗೆ. 1966ರಲ್ಲಿ ಮರ ಕಡಿದು ಹೆದ್ದಾರಿಯ ಮೇಲ್ಸೇತುವೆ ಕಟ್ಟಿದರು. ಈಗ ಅದರ ಕಾಂಕ್ರೀಟ್ ಕಂಬಗಳ ಮೇಲೆ ಓಕ್ ಮರಗಳ ಚಿತ್ರ ಬರೆದಿದ್ದಾರೆ. ಒಬ್ಬ ಕಲಾವಿದನ ಹೆಸರನ್ನು ಪಾರ್ಕಿಗೆ ಇಟ್ಟು ಅವನ ಸಂಗೀತಕ್ಕೆ ಕಿವಿಯಾಗಿದ್ದ ಜನರನ್ನು ಎಬ್ಬಿಸುವುದು ಗೌರವ ಆಗುವುದಿಲ್ಲ. ಇವತ್ತಿನ ಸಂರಕ್ಷಣೆಯ ಯೋಜನೆಗಳನ್ನು ಅಳೆಯಬೇಕಾದದ್ದು ಈ ಅನುಭವದ ಮೇಲೆ.

ಕಟ್ಟಡ ಸಾಯುವ ಕ್ರಮ

ಅಲ್ಲಿಯ ಹವೆಯಲ್ಲಿ ಹಳೆಯ ಕಟ್ಟಡ ಸಾಯುವುದಕ್ಕೆ ಒಂದು ಕ್ರಮವಿದೆ. ಮೊದಲು ಸೂರು ಸೋರುತ್ತದೆ. ಒದ್ದೆಯಾದ ತೊಲೆಗೆ ಗೆದ್ದಲು ಹತ್ತುತ್ತದೆ, ಅದೂ ಸಾಮಾನ್ಯ ಗೆದ್ದಲಲ್ಲ. ಎರಡನೇ ಮಹಾಯುದ್ಧದ ನಂತರ ಸೇನೆಯ ಸರಕಿನೊಂದಿಗೆ ಏಷ್ಯಾದಿಂದ ಬಂದಿಳಿದ ಫಾರ್ಮೋಸನ್ ಗೆದ್ದಲು ನೆಲದ ಸಂಪರ್ಕವಿಲ್ಲದೆ ಗೋಡೆಯೊಳಗಿನ ತೇವದಲ್ಲೇ ಗೂಡು ಕಟ್ಟಬಲ್ಲದು. ತೊಲೆಯ ತುದಿ ಟೊಳ್ಳಾದಾಗ ಮಹಡಿಯ ಹಲಗೆಗೂ ಗೋಡೆಗೂ ಇದ್ದ ಹಿಡಿತ ಹೋಗುತ್ತದೆ. ಆಮೇಲೆ ಇಟ್ಟಿಗೆ ಗೋಡೆ ಬೇಲಿಗೂಟದಂತೆ ಒಂಟಿಯಾಗಿ ನಿಂತಿರುತ್ತದೆ. ಸಾಲು ಕಟ್ಟಡಗಳಲ್ಲಿ ಇನ್ನೊಂದು ಅಪಾಯ ಇದೆ: ಎರಡು ಮನೆಗೆ ಒಂದೇ ನಡುಗೋಡೆ. ಪಕ್ಕದ ಮನೆಯನ್ನು ಕೆಡವಿ ಪಾರ್ಕಿಂಗ್ ಮಾಡಿದರೆ, ಒಳಗೋಡೆಯಾಗಿದ್ದದ್ದು ಮಳೆ ಗಾಳಿಗೆ ಮೈಯೊಡ್ಡುತ್ತದೆ. ಅದನ್ನು ಕಟ್ಟಿದವರು ಆ ಲೆಕ್ಕದಲ್ಲಿ ಕಟ್ಟಿರಲೇ ಇಲ್ಲ.

ಒಳ್ಳೆಯ ಮನಸ್ಸಿನ ರಿಪೇರಿಯೂ ಕೊಲ್ಲುತ್ತದೆ. ಅಲ್ಲಿನ ಹಳೆಯ ಇಟ್ಟಿಗೆ ಮೆತ್ತನೆಯದು, ಕಟ್ಟಿದ್ದು ಸುಣ್ಣದ ಗಾರೆಯಿಂದ. ಗೋಡೆ ಹೀರಿಕೊಂಡ ನೀರು ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಸಂದು ಬಿಟ್ಟಿದೆಯೆಂದು ಮೇಸ್ತ್ರಿ ಪೋರ್ಟ್‌ಲೆಂಡ್ ಸಿಮೆಂಟ್ ಮೆತ್ತಿದರೆ ದಾರಿ ಮುಚ್ಚಿಹೋಗುತ್ತದೆ. ತೇವ ಇಟ್ಟಿಗೆಯೊಳಗೇ ಉಳಿದು, ಉಪ್ಪು ಹರಳುಗಟ್ಟಿ, ಇಟ್ಟಿಗೆಯ ಮುಖ ಸಿಪ್ಪೆಸಿಪ್ಪೆಯಾಗಿ ಉದುರುತ್ತದೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಕೆಲವು ದಶಕಗಳಿಗೊಮ್ಮೆ ಗಾರೆ ತುಂಬುವುದು ಅಗ್ಗ, ಇಟ್ಟಿಗೆ ಬದಲಿಸುವುದು ದುಬಾರಿ.

ಆದ್ದರಿಂದ ಹಣ ಕಡಿಮೆ ಇದ್ದಾಗ ಪೂರ್ತಿ ಜೀರ್ಣೋದ್ಧಾರದ ಕನಸು ಬಿಟ್ಟು ಕಟ್ಟಡ ಬೀಳದಂತೆ ನಿಲ್ಲಿಸುವ ಕೆಲಸಕ್ಕೆ ಮೊದಲು ಕೈಹಾಕಬೇಕು. ಮಾಡಿಗೆ ತಾತ್ಕಾಲಿಕ ಹೊದಿಕೆ, ನೀರು ಗೋಡೆಯಿಂದ ದೂರ ಬೀಳುವ ದೋಣಿ, ಒಂಟಿ ಗೋಡೆಗೆ ಎರಡೂ ಕಡೆ ಊರೆ, ಗೆದ್ದಲಿಗೆ ಮದ್ದು, ಬಾಗಿಲು ಕಿಟಕಿಗೆ ಗಾಳಿ ಆಡುವಂತೆ ಹಲಗೆ. ಇದಾದರೆ ಕಟ್ಟಡ ಮುಂದಿನ ಒಡೆಯನಿಗಾಗಿ ಕಾಯಬಲ್ಲದು. ಆದರೆ ನೆರವಿನ ಹಣ ಹರಿಯುವ ದಿಕ್ಕು ಬೇರೆ. ಒಕ್ಕೂಟ ಸರ್ಕಾರ ಚಾರಿತ್ರಿಕ ಕಟ್ಟಡದ ಜೀರ್ಣೋದ್ಧಾರ ವೆಚ್ಚದ ಶೇ. 20ರಷ್ಟು ತೆರಿಗೆ ರಿಯಾಯಿತಿ ಕೊಡುತ್ತದೆ, ಆದಾಯ ತರುವ ಕಟ್ಟಡಗಳಿಗೆ ಮಾತ್ರ. ಹೋಟೆಲಾಗುವ ಸಲೂನಿಗೆ ಅದು ಸಿಗುತ್ತದೆ. ತಾತನ ಮನೆಯಲ್ಲಿ ವಾಸವಾಗಿರುವ ಟ್ರಂಬೋನ್ ವಾದಕನಿಗೆ ಸಿಗುವುದಿಲ್ಲ.

ಬಡ್ಡಿ ಬೋಲ್ಡನ್‌ನ ಮನೆ ಇದಕ್ಕೆ ನೋವಿನ ಉದಾಹರಣೆ. ಜಾಝ್‌ನ ಮೊದಲ ದೊಡ್ಡ ಕಾರ್ನೆಟ್ ವಾದಕ ಎಂದು ಎಲ್ಲರೂ ಒಪ್ಪುವ ಆತ 1907ರಲ್ಲಿ ಮಾನಸಿಕ ಆಸ್ಪತ್ರೆ ಸೇರಿ 1931ರಲ್ಲಿ ಅಲ್ಲೇ ತೀರಿಕೊಂಡ. ಅವನು ನುಡಿಸಿದ ಒಂದೇ ಒಂದು ಧ್ವನಿಮುದ್ರಣ ಇವತ್ತಿನವರೆಗೆ ಸಿಕ್ಕಿಲ್ಲ. ಉಳಿದ ಕುರುಹು ಫಸ್ಟ್ ಸ್ಟ್ರೀಟ್‌ನ ಒಂದು ಸಣ್ಣ ಮರದ ಮನೆ. ಅದು ವರ್ಷಗಟ್ಟಲೆ ಬಣ್ಣ ಕಳೆದುಕೊಂಡು, ಹಲಗೆ ಹೊಡೆಸಿಕೊಂಡು ನಿಂತಿತ್ತು.

ಟೇಪು, ತಟ್ಟೆ, ದಾಖಲೆ

ಕಟ್ಟಡಕ್ಕಿಂತ ನಿಶ್ಶಬ್ದವಾಗಿ ಸಾಯುವುದು ಧ್ವನಿ. 1958ರಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ತುಲೇನ್ ವಿಶ್ವವಿದ್ಯಾಲಯದಲ್ಲಿ ಜಾಝ್ ದಾಖಲೆಗಳ ಸಂಗ್ರಹ ಶುರುವಾಯಿತು, ಇವತ್ತಿನ ಹೋಗನ್ ಆರ್ಕೈವ್ ಅದೇ. ವಿಲಿಯಂ ರಸೆಲ್ ಮತ್ತು ರಿಚರ್ಡ್ ಅಲೆನ್ ಟೇಪ್ ರೆಕಾರ್ಡರ್ ಹೊತ್ತು ಮುದುಕರಾಗಿದ್ದ ಮೊದಲ ತಲೆಮಾರಿನ ವಾದಕರ ಮನೆಮನೆಗೆ ಹೋದರು. ಬೋಲ್ಡನ್‌ನನ್ನು ಕಿವಿಯಾರೆ ಕೇಳಿದವರ ಮಾತು ನಮಗೆ ಸಿಕ್ಕಿದ್ದು ಹೀಗೆ. ಹತ್ತು ವರ್ಷ ತಡವಾಗಿದ್ದರೆ ಅವರಲ್ಲಿ ಬಹುಪಾಲು ಜನ ಇರುತ್ತಿರಲಿಲ್ಲ.

ಆ ಕಾಲದ ಟೇಪುಗಳಿಗೆ ಎರಡು ಬಗೆಯ ರೋಗ, ಒಂದರ ಮದ್ದು ಇನ್ನೊಂದಕ್ಕೆ ವಿಷ. 1950ರ ದಶಕದ ಟೇಪಿನ ತಳ ಹೆಚ್ಚಾಗಿ ಅಸಿಟೇಟ್. ಹಳತಾದಾಗ ಅದು ವಿನೆಗರ್ ವಾಸನೆ ಬಿಡುತ್ತದೆ, ಸುರುಟುತ್ತದೆ, ಪಟ್ಟೆಂದು ಮುರಿಯುತ್ತದೆ. 1970 ಮತ್ತು 80ರ ದಶಕದ ಹಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಅಂಟಿಸಿದ ಪಾಲಿಯುರೆಥೇನ್ ತೇವ ಹೀರಿ ಜಿಗುಟಾಗುತ್ತದೆ. ನುಡಿಸಿದರೆ ಟೇಪು ಕಿರುಗುಟ್ಟಿ ಅದನ್ನು ಓದುವ ಹೆಡ್ಡಿನ ಮೇಲೆ ಕಂದು ಮಡ್ಡಿ ಬಿಡುತ್ತದೆ, ಆ ಮಡ್ಡಿಯೇ ಸಂಗೀತ. ಈ ಎರಡನೆಯದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಇಟ್ಟರೆ ಕೆಲವು ವಾರಗಳ ಮಟ್ಟಿಗೆ ನುಡಿಸಬಹುದು. ಅಸಿಟೇಟ್ ಟೇಪನ್ನು ಹಾಗೆ ಕಾಯಿಸಿದರೆ ಅದು ಅಲ್ಲಿಗೆ ಮುಗಿಯಿತು. ಗುರುತಿಸುವುದು ಸುಲಭ: ರೀಲನ್ನು ಬೆಳಕಿಗೆ ಹಿಡಿಯಬೇಕು, ಸುತ್ತಿನ ಮೂಲಕ ಬೆಳಕು ಹಾಯ್ದರೆ ಅಸಿಟೇಟ್, ಕಪ್ಪಾಗಿ ನಿಂತರೆ ಪಾಲಿಯೆಸ್ಟರ್.

ಡಿಜಿಟಲ್ ಪ್ರತಿ ಮಾಡುವಾಗ 96 ಕಿಲೋಹರ್ಟ್ಸ್, 24 ಬಿಟ್, ಸಂಕುಚಿಸದ ವೇವ್ ಫೈಲ್ ಎಂಬುದು ಆರ್ಕೈವ್‌ಗಳ ರೂಢಿ. ಒಂದು ಗಂಟೆಯ ಮೊನೊ ಸಂದರ್ಶನಕ್ಕೆ ಸುಮಾರು 1 ಜಿಬಿ, ಸ್ಟೀರಿಯೊಗೆ 2 ಜಿಬಿ. ಅಷ್ಟು ಜಾಗ ಈಗ ದುಬಾರಿಯಲ್ಲ. ದುಬಾರಿಯಾದದ್ದು ಪ್ರತಿ ಟೇಪಿಗೂ ಹೆಡ್ಡಿನ ಕೋನ ಹೊಂದಿಸಿ, ವೇಗ ಪರೀಕ್ಷಿಸಿ, ಕೂತು ಕೇಳುವ ಮನುಷ್ಯನ ಸಮಯ. ಗರಗರ ಶಬ್ದ ತೆಗೆಯುವ ಆಸೆಯಿಂದ ಮೂಲ ಪ್ರತಿಯನ್ನೇ ಸೋಸಬಾರದು. ಇಂದು ಗದ್ದಲವೆನಿಸಿದ್ದರಲ್ಲಿ ನಾಳೆ ಯಾರಿಗೋ ಸ್ನೇರ್ ಡ್ರಮ್ಮಿನ ಬ್ರಶ್ ಕೇಳಿಸಬಹುದು. ಸೋಸಿದ್ದು ಬೇಕಿದ್ದರೆ ಬೇರೆ ಪ್ರತಿ ಇರಲಿ.

ಹಳೆಯ ಅರಗಿನ ಗ್ರಾಮಫೋನ್ ತಟ್ಟೆಗಳನ್ನು ಸ್ಪಿರಿಟ್‌ನಿಂದ ಒರೆಸಬಾರದು, ಅರಗು ಕರಗುತ್ತದೆ. ಅವುಗಳಿಗೆ ಸುಮಾರು 75 ಮೈಕ್ರಾನ್ ಮುಳ್ಳು ಬೇಕು, ಆಮೇಲೆ ಬಂದ ಎಲ್‌ಪಿ ತಟ್ಟೆಯ ಸಣ್ಣ ಮುಳ್ಳು ತೋಡಿನ ತಳದಲ್ಲಿ ಅಲೆದಾಡಿ ಬರೀ ಕೆರೆತ ಕೇಳಿಸುತ್ತದೆ. ಲೇಬಲ್ ನೋಡಿ ವೇಗ ನಿಮಿಷಕ್ಕೆ 78 ಸುತ್ತು ಎಂದು ನಂಬುವುದೂ ತಪ್ಪು. ಮೈಕ್ ಬರುವ ಮೊದಲಿನ ತಟ್ಟೆಗಳು ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಿಂದ ಎಂಬತ್ತಕ್ಕೂ ಹೆಚ್ಚಿನವರೆಗೆ ಯಾವ ವೇಗದಲ್ಲಾದರೂ ಕೆತ್ತಿರಬಹುದು. ವೇಗ ಶೇ. 6ರಷ್ಟು ತಪ್ಪಿದರೆ ಶ್ರುತಿ ಅರ್ಧ ಸ್ವರ ಜಾರುತ್ತದೆ. ಇಲ್ಲಿ ವಾದಕರ ಬೆರಳೇ ಸಾಕ್ಷಿ: ಹಿತ್ತಾಳೆ ವಾದ್ಯದವರು ಬಿ ಫ್ಲಾಟ್, ಇ ಫ್ಲಾಟ್, ಎಫ್‌ನಂಥ, ತಮ್ಮ ವಾದ್ಯಕ್ಕೆ ಸುಲಭವಾದ ಶ್ರುತಿಗಳಲ್ಲಿ ನುಡಿಸುತ್ತಾರೆ. ತಟ್ಟೆಯಿಂದ ಬಿ ಫ್ಲಾಟ್‌ಗಿಂತ ಅರ್ಧ ಸ್ವರ ಮೇಲಿನ ಬಿ ನ್ಯಾಚುರಲ್ ಕೇಳಿದರೆ ವಾದಕರನ್ನಲ್ಲ, ಮೋಟಾರನ್ನು ಅನುಮಾನಿಸಬೇಕು.

ಸಂಗೀತವಲ್ಲದ ಕಾಗದವೂ ಅಷ್ಟೇ ಮುಖ್ಯ. ತಾನು 1900ರ ಜುಲೈ 4ರಂದು ಹುಟ್ಟಿದ್ದೆಂದು ಆರ್ಮ್‌ಸ್ಟ್ರಾಂಗ್ ಕೊನೆಯವರೆಗೂ ಹೇಳುತ್ತಿದ್ದ. 1980ರ ದಶಕದಲ್ಲಿ ಸಂಶೋಧಕ ಟ್ಯಾಡ್ ಜೋನ್ಸ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ತೆರೆದಾಗ ಸಿಕ್ಕಿದ ದಿನ 1901ರ ಆಗಸ್ಟ್ 4. ಇಂಥ ರಿಜಿಸ್ಟರುಗಳು, ಯೂನಿಯನ್ ಪುಸ್ತಕಗಳು, ಸಂಘಗಳ ವಂತಿಗೆ ಲೆಕ್ಕಗಳು ನಗರದ ತುಂಬ ಪೆಟ್ಟಿಗೆಗಳಲ್ಲಿವೆ. ಅವುಗಳ ದೊಡ್ಡ ಶತ್ರು ನೆಲಮಟ್ಟ. 2005ರ ಕತ್ರಿನಾ ಚಂಡಮಾರುತದ ಪ್ರವಾಹದಲ್ಲಿ ಕ್ಲಾರಿನೆಟ್ ವಾದಕ ಮೈಕಲ್ ವೈಟ್ ಅವರ ಮನೆಗೆ ನೀರು ನುಗ್ಗಿ ಹಳೆಯ ಕ್ಲಾರಿನೆಟ್‌ಗಳು, ಸಾವಿರಾರು ಧ್ವನಿಮುದ್ರಣಗಳು, ಪುಸ್ತಕ, ಟಿಪ್ಪಣಿ ಎಲ್ಲ ಹೋದವು. ಒಂದು ಜೀವಮಾನ ಕಲೆಹಾಕಿದ ಸಂಗ್ರಹಕ್ಕೆ ಎರಡನೇ ಪ್ರತಿ ಇರಲಿಲ್ಲ. ಖಾಸಗಿ ಸಂಗ್ರಾಹಕರ ಮನೆಗೇ ಸ್ಕ್ಯಾನರ್, ಟೇಪ್ ಡೆಕ್ ಒಯ್ದು ಪ್ರತಿ ಮಾಡಿ, ಮೂಲವನ್ನು ಅವರಲ್ಲೇ ಬಿಟ್ಟು, ಒಂದು ಪ್ರತಿಯನ್ನು ಬಿರುಗಾಳಿ ತಲುಪದ ಬೇರೆ ರಾಜ್ಯದಲ್ಲಿ ಇಡುವ ಕೆಲಸ ಯಾವ ವಸ್ತುಸಂಗ್ರಹಾಲಯದ ಹೊಸ ಕಟ್ಟಡಕ್ಕಿಂತಲೂ ಮೊದಲು ಆಗಬೇಕಾದದ್ದು.

ಬೀದಿ

ಇಷ್ಟೆಲ್ಲ ಉಳಿಸಿದರೂ ನ್ಯೂ ಆರ್ಲಿಯನ್ಸ್‌ನ ಜಾಝ್ ಉಳಿಯುವುದಿಲ್ಲ, ಏಕೆಂದರೆ ಅದರ ಮನೆ ಬೀದಿ. ಬೀದಿಗೆ ಅದು ಬಂದ ದಾರಿ ತಿಳಿಯದೆ ಇಂದಿನ ಜಗಳ ಅರ್ಥವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಪ್ಪು ಜನರಿಗೆ ವಿಮೆ ಕೊಡುವವರಿರಲಿಲ್ಲ. ಅವರೇ ಪರಸ್ಪರ ಸಹಾಯ ಸಂಘ ಕಟ್ಟಿಕೊಂಡರು. ತಿಂಗಳ ವಂತಿಗೆ ಕೊಟ್ಟವನಿಗೆ ಕಾಯಿಲೆ ಬಿದ್ದರೆ ವೈದ್ಯ, ಸತ್ತರೆ ಗೌರವದ ಸಂಸ್ಕಾರ ಮತ್ತು ಬ್ಯಾಂಡು. 1884ರಲ್ಲಿ ಹುಟ್ಟಿದ ಯಂಗ್ ಮೆನ್ ಒಲಿಂಪಿಯನ್ ಸಂಘ ಇಂದಿಗೂ ಇದೆ. ಸಮಾಧಿಯವರೆಗೆ ನಿಧಾನದ ಶೋಕಗೀತೆ. ಶವವನ್ನು ಬೀಳ್ಕೊಟ್ಟ ಮೇಲೆ ಸ್ನೇರ್ ಡ್ರಮ್ಮಿನ ಬಿಗಿ ಸಡಿಲಿಸಿದ್ದನ್ನು ಮತ್ತೆ ಏರಿಸಿ ಕುಣಿತದ ಲಯ. ಸಂಘ ಮತ್ತು ಬ್ಯಾಂಡಿನದು ಮೊದಲ ಸಾಲು, ಹಿಂದೆ ಕುಣಿಯುತ್ತಾ ಬರುವ ಊರಿನದು ಎರಡನೆಯ ಸಾಲು. ಸೆಕೆಂಡ್ ಲೈನ್ ಎಂಬ ಹೆಸರು ಬಂದದ್ದು ಇದರಿಂದ.

ಈಗ ಆಗಸ್ಟ್ ಕೊನೆಯಿಂದ ಜೂನ್‌ವರೆಗೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಒಂದು ಸಂಘದ ಮೆರವಣಿಗೆ. ಅವಧಿ ನಾಲ್ಕು ಗಂಟೆ. ದಾರಿಯ ಕಾಗದದಲ್ಲಿ ಬೀದಿಗಳ ಹೆಸರು ಮತ್ತು ನಿಲ್ದಾಣಗಳು: ಹಿರಿಯ ಸದಸ್ಯರ ಮನೆ, ಕೇರಿಯ ಬಾರು, ಇನ್ನೊಂದು ಸಂಘದ ಕಟ್ಟೆ. ನಿಲ್ದಾಣ ಎಂದರೆ ವಾದಕರ ತುಟಿಗೆ ಬಿಡುವು, ಬಾರಿಗೆ ವರ್ಷದ ದೊಡ್ಡ ವ್ಯಾಪಾರ. ಪೊಲೀಸರು ಸಂಚಾರದ ನೆಪದಲ್ಲಿ ದಾರಿ ಚುಟುಕುಗೊಳಿಸಿದಾಗ ಮೊದಲು ಹೋಗುವುದು ಇವೇ. ಸಂಘದ ಖರ್ಚು ಬ್ಯಾಂಡಿಗೆ, ಸಮವಸ್ತ್ರಕ್ಕೆ, ಜೊತೆಗೆ ಅನುಮತಿ ಮತ್ತು ಪೊಲೀಸ್ ಕಾವಲಿಗೆ. 2006ರ ಜನವರಿಯಲ್ಲಿ ಒಂದು ಮೆರವಣಿಗೆಯ ಕೊನೆಗೆ ಗುಂಡು ಹಾರಿದ ಮೇಲೆ ನಗರ ಶುಲ್ಕವನ್ನು ಹಲವು ಪಟ್ಟು ಏರಿಸಿತು. ಆಗಷ್ಟೇ ಪ್ರವಾಹದಲ್ಲಿ ಮನೆ ಕಳೆದುಕೊಂಡು ಹಿಂದಿರುಗುತ್ತಿದ್ದ ಜನರ ಮೇಲೆ ಬಿದ್ದ ಹೊರೆ ಅದು. ಸಂಘಗಳು ನಾಗರಿಕ ಹಕ್ಕುಗಳ ವಕೀಲರ ನೆರವಿನಿಂದ ನ್ಯಾಯಾಲಯಕ್ಕೆ ಹೋದವು. 2007ರ ರಾಜಿಯಲ್ಲಿ ಶುಲ್ಕ ಇಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ರೆಮೆಯಲ್ಲಿ ತೀರಿಕೊಂಡ ಟ್ಯೂಬಾ ವಾದಕನ ನೆನಪಿಗೆ ನುಡಿಸುತ್ತಿದ್ದಾಗ ಟ್ರಂಬೋನಿನ ಗ್ಲೆನ್ ಡೇವಿಡ್ ಆಂಡ್ರೂಸ್ ಮತ್ತು ಡ್ರಮ್ಮಿನ ಡೆರಿಕ್ ಟ್ಯಾಬ್ ಅವರನ್ನು ಬಂಧಿಸಿದರು, ಅನುಮತಿ ಇಲ್ಲದ ಮೆರವಣಿಗೆ ಎಂಬ ಕಾರಣಕ್ಕೆ. ಯಾರೋ ಹೊಸಬರ ದೂರು ಎಂಬ ಮಾತು ಕೇರಿಯಲ್ಲಿ ಆಗ ಓಡಾಡಿತು.

ಶಬ್ದದ ನಿಯಮದಲ್ಲೂ ಸಂಗೀತದ ಅಳಿವು ಉಳಿವು ಅಡಗಿದೆ. ಅಳತೆಯಲ್ಲಿ ಎ ಮತ್ತು ಸಿ ಎಂಬ ಎರಡು ಮಾಪಕಗಳಿವೆ. 63 ಹರ್ಟ್ಸ್‌ನ ಕೆಳದನಿಯನ್ನು ಎ ಮಾಪಕ ಸುಮಾರು 26 ಡೆಸಿಬಲ್ ಕಡಿಮೆ ಮಾಡಿ ತೋರಿಸುತ್ತದೆ, ಸಿ ಹೆಚ್ಚುಕಡಿಮೆ ಇದ್ದದ್ದನ್ನು ಇದ್ದಂತೆ. ಬೇಸ್ ಡ್ರಮ್ ಮತ್ತು ಸೂಸಾಫೋನ್ ಎಂಬ ದೊಡ್ಡ ಹಿತ್ತಾಳೆ ವಾದ್ಯ ಇರುವುದೇ ಆ ಕೆಳಗಿನ ನೆಲೆಯಲ್ಲಿ. ಯಾವ ಮಾಪಕ, ಎಲ್ಲಿ ನಿಂತು ಅಳೆಯುತ್ತಾರೆ, ಎಷ್ಟು ನಿಮಿಷದ ಸರಾಸರಿ ಎಂಬುದರ ಮೇಲೆ ಅದೇ ಬ್ಯಾಂಡು ಕಾನೂನಿನ ಒಳಗೂ ಇರಬಹುದು, ಹೊರಗೂ ಇರಬಹುದು. 2014ರ ಜನವರಿಯಲ್ಲಿ ಬಿಗಿ ಮಸೂದೆ ಬಂದಾಗ ವಾದಕರು ವಾದ್ಯ ಸಮೇತ ನಗರಸಭೆಗೆ ಬಂದು ನುಡಿಸಿದರು, ಮಸೂದೆ ಹಿಂದಕ್ಕೆ ಹೋಯಿತು. ಇಂಗ್ಲೆಂಡ್ 2018ರಲ್ಲಿ ಯೋಜನಾ ನೀತಿಯಲ್ಲಿ ಸೇರಿಸಿದ ಸೂತ್ರ ಇಲ್ಲಿಗೂ ಹೊಂದುತ್ತದೆ: ಮೊದಲಿಂದ ಇರುವ ಸಂಗೀತದ ಜಾಗದ ಪಕ್ಕ ಹೊಸದಾಗಿ ಕಟ್ಟಡ ಕಟ್ಟುವವನೇ ಶಬ್ದ ತಡೆಯುವ ಗಾಜು, ಗೋಡೆಗಳ ಖರ್ಚು ಹೊರಬೇಕು.

ಆದರೆ ವಾದಕ ಆ ಕೇರಿಯಲ್ಲಿ ಇದ್ದರೆ ತಾನೆ ಮೆರವಣಿಗೆ? 2000ದಲ್ಲಿ ನಗರದ ಜನಸಂಖ್ಯೆ 4,84,674. 2010ರಲ್ಲಿ 3,43,829. 2020ರಲ್ಲೂ 3,83,997. ಕತ್ರಿನಾ ನಂತರದ ರೋಡ್ ಹೋಮ್ ಯೋಜನೆಯಲ್ಲಿ ಮನೆ ಕಟ್ಟುವ ಖರ್ಚು ಅಥವಾ ಪ್ರವಾಹಕ್ಕೆ ಮುಂಚಿನ ಮನೆಯ ಬೆಲೆ, ಎರಡರಲ್ಲಿ ಕಡಿಮೆಯಾದದ್ದೇ ಪರಿಹಾರದ ಆಧಾರ. ದುರಸ್ತಿಗೆ 1,40,000 ಡಾಲರ್ ಬೇಕಾದ ಎರಡು ಮನೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬಿಳಿಯರ ಬಡಾವಣೆಯಲ್ಲಿ 2,00,000 ಬೆಲೆಯ ಮನೆಗೆ ಪೂರ್ತಿ ಖರ್ಚಿನ ಲೆಕ್ಕ ಹಿಡಿಯುತ್ತಾರೆ. ಕಪ್ಪು ಜನರ ಕೇರಿಯಲ್ಲಿ ಅಷ್ಟೇ ದೊಡ್ಡ ಮನೆಯ ಮಾರುಕಟ್ಟೆ ಬೆಲೆ 60,000 ಆಗಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಮೊಕದ್ದಮೆ ನಡೆದು 2011ರಲ್ಲಿ 6.2 ಕೋಟಿ ಡಾಲರ್ ರಾಜಿಯಾಯಿತು, ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಖಾಲಿಯಾದ ಕೇರಿಗಳ ಮನೆಗಳು ಪ್ರವಾಸಿಗರ ವಾರಾಂತ್ಯದ ಬಾಡಿಗೆಗೆ ಹೋದವು. ನಗರ 2016ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು, 2019ರಲ್ಲಿ ವಸತಿ ಬಡಾವಣೆಗಳಲ್ಲಿ ಬಿಗಿ ಮಾಡಿತು. ಮಾಲೀಕ ಅಲ್ಲೇ ವಾಸವಿರಬೇಕೆಂಬ ಷರತ್ತನ್ನು 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತು. 2023ರಲ್ಲಿ ಬ್ಲಾಕಿಗೆ ಒಂದರಂತೆ ಲಾಟರಿ ಪರವಾನಗಿಯ ನಿಯಮ ಬಂತು. ಜಾಝ್ ಕೇಳಲು ಬರುವವರ ಹಾಸಿಗೆಗೆ ಜಾಗ ಮಾಡಲು ಜಾಝ್ ನುಡಿಸುವವರು ಊರ ಹೊರಗೆ ಹೋಗುವಂತಾದದ್ದು ಈ ನಗರದ ಇಂದಿನ ಅತಿ ದೊಡ್ಡ ಸಂರಕ್ಷಣಾ ಸಮಸ್ಯೆ. ಅದನ್ನು ಪಾರಂಪರಿಕ ಇಲಾಖೆಯ ಕಡತದಲ್ಲಿ ಯಾರೂ ಹುಡುಕುವುದಿಲ್ಲ.

ಕತ್ರಿನಾ ನಂತರ ಅದೇ ಊರಿನ ಸಂಗೀತಗಾರರಾದ ಹ್ಯಾರಿ ಕಾನಿಕ್ ಜೂನಿಯರ್ ಮತ್ತು ಬ್ರಾನ್ಫರ್ಡ್ ಮಾರ್ಸಲಿಸ್, ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಸಂಸ್ಥೆಯೊಂದಿಗೆ ಕಟ್ಟಿಸಿದ ಮ್ಯುಸಿಶಿಯನ್ಸ್ ವಿಲೇಜ್‌ನಲ್ಲಿ 72 ಮನೆಗಳಿವೆ. ಶುರುವಿನಲ್ಲೇ ಎದುರಾದ ತೊಡಕು ಸಾಲದ ಅರ್ಜಿ. ರಾತ್ರಿ ನುಡಿಸಿ ಕೈಗೆ ನಗದು ಪಡೆಯುವವನ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು? 1998ರಿಂದ ನಡೆಯುತ್ತಿರುವ ಮ್ಯುಸಿಶಿಯನ್ಸ್ ಕ್ಲಿನಿಕ್ ಇಂಥವರಿಗೆಂದೇ ಇರುವ ಆಸ್ಪತ್ರೆ. ಹಳೆಯ ಸಂಘಗಳ ವೈದ್ಯನ ಕೆಲಸವನ್ನೇ ಅದು ಬೇರೆ ರೂಪದಲ್ಲಿ ಮಾಡುತ್ತಿದೆ. 1970ರಲ್ಲಿ ಶುರುವಾದ ಜಾಝ್ ಅಂಡ್ ಹೆರಿಟೇಜ್ ಉತ್ಸವದ ಒಡೆತನ ಲಾಭಕ್ಕಲ್ಲದ ಪ್ರತಿಷ್ಠಾನದ್ದಾಗಿರುವುದರಿಂದ ಉಳಿಕೆ ಹಣ ಮಕ್ಕಳ ಸಂಗೀತ ಶಾಲೆಗೆ ಹೋಗುತ್ತದೆ. ಜಾಝ್ ಹೆಸರಿನಲ್ಲಿ ಹೋಟೆಲ್ ತೆರಿಗೆ ಸಂಗ್ರಹಿಸುವ ಯಾವ ನಗರವೂ ನಕಲು ಮಾಡಬಹುದಾದ ವ್ಯವಸ್ಥೆ ಇದು.

1965ರಲ್ಲಿ ನ್ಯೂಯಾರ್ಕಿನಿಂದ ಹಿಂದಿರುಗಿದ ಬ್ಯಾಂಜೊ ವಾದಕ ಡ್ಯಾನಿ ಬಾರ್ಕರ್, ಬೀದಿ ಬ್ಯಾಂಡುಗಳಲ್ಲಿ ಹುಡುಗರೇ ಇಲ್ಲದ್ದನ್ನು ಕಂಡು ಕೆಲವೇ ವರ್ಷಗಳಲ್ಲಿ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮಕ್ಕಳ ಬ್ಯಾಂಡು ಕಟ್ಟಿದರು. ಲೆರಾಯ್ ಜೋನ್ಸ್, ಹರ್ಲಿನ್ ರೈಲಿ, ಮಾರ್ಸಲಿಸ್ ಸಹೋದರರು ಅಲ್ಲಿ ನಡೆದು ನುಡಿಸಲು ಕಲಿತವರು. 2007ರಲ್ಲಿ ಬಂಧನಕ್ಕೊಳಗಾದ ಡೆರಿಕ್ ಟ್ಯಾಬ್ ಅದೇ ವರ್ಷ ದಿ ರೂಟ್ಸ್ ಆಫ್ ಮ್ಯೂಸಿಕ್ ಎಂಬ ಶಾಲೆ ಹುಟ್ಟುಹಾಕಿದರು. 9ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ವಾದ್ಯ, ಪಾಠ, ಬಿಸಿ ಊಟ, ಕರೆದೊಯ್ದು ಬಿಡಲು ಬಸ್ಸು, ಎಲ್ಲ ಉಚಿತ. ಬಸ್ಸು ನಿಂತರೆ ಮಕ್ಕಳು ಬರುವುದಿಲ್ಲ. ಬಡ ಮನೆಯ ತಾಯಿ ಸಂಜೆ ಐದಕ್ಕೆ ಸೂಸಾಫೋನ್ ಹೊತ್ತ ಹುಡುಗನನ್ನು ನಗರದ ಇನ್ನೊಂದು ಮೂಲೆಯಿಂದ ಕರೆತರಲಾರಳು. ಹಾಗಾಗಿ ಅಲ್ಲಿ ದೇಣಿಗೆ ಬಂದಾಗ ಕೊಳಲು ಕಹಳೆಗಿಂತ ಮೊದಲು ತುಂಬುವುದು ಡೀಸೆಲ್.